ಮೃದುವಾಗಿ ಹೇಳುವ ಮಾತು

ಗಂಗಮ್ಮನಗುಡಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದಾಗ ಪಕ್ಕದ ಆಟೋದವನು ತಿರುಗಿ ನೋಡಿದಾಗಲೇ, ತಾನು ತನ್ನಷ್ಟಕ್ಕೇ ಗಟ್ಟಿಯಾಗಿ ಮಾತಾಡುತ್ತಿದ್ದೇನೆಂದು ಯೋಗಾನಂದನಿಗೆ ಗೊತ್ತಾದದ್ದು. 'ಸಭೆಯ ತೀರ್ಮಾನ ಹಿಂಗಾಗಿದೆ ಅಮ್ಮ, ನಮ್ಮ ಕೈಲಿ ಏನೂ ಇಲ್ಲ' ಅನ್ನುತ್ತಿದ್ದ. ಯಲಹಂಕ ಬಿಟ್ಟಾಗಿನಿಂದ ಇದೇ ವಾಕ್ಯ. ಎಂ.ಎಸ್. ಪಾಳ್ಯದ ಹತ್ತಿರ 'ತೀರ್ಮಾನ' ಎಂಬ ಮಾತು ಗಡುಸಾಯಿತು ಅನಿಸಿ 'ಅಭಿಪ್ರಾಯ' ಎಂದು ಬದಲಾಯಿಸಿದ್ದ; ಅಭಿಪ್ರಾಯವೆಂದರೆ ಎದುರು ವಾದಿಸಲು ಎಡೆ ಕೊಟ್ಟಂತಾಗುತ್ತದೆ ಎಂದು ಮತ್ತೆ ತೀರ್ಮಾನಕ್ಕೇ ಬಂದಿದ್ದ. ಕಾಶವ್ವನಿಗೆ ಇವೆರಡರಲ್ಲಿ ಯಾವ ವ್ಯತ್ಯಾಸ ಕಾಣಬೇಕು. ಅವಳ ಒಬ್ಬಳೇ ಮಗಳು ಭಾಗ್ಯಶ್ರೀ ನಿನ್ನೆ ಸಂಜೆ ತಾನಾಗಿ ಜೀವ ಕಳೆದುಕೊಂಡಿದ್ದಳು. ಈ ಬೆಳಿಗ್ಗೆ ಪಾಸ್ಟರ ಮನೆಯಲ್ಲಿ, ಯೋಗಾನಂದನೂ ಇದ್ದ ಚರ್ಚಿನ ಕಮಿಟಿ ಕೂತು, ಹೆಣವನ್ನು ಚರ್ಚಿನೊಳಗೆ ತರುವಂತಿಲ್ಲ, ಪ್ರಾರ್ಥನೆ ಇಲ್ಲ, ಸಭೆಯ ಸಮಾಧಿ ತೋಟದಲ್ಲಿ ಜಾಗವಿಲ್ಲ ಎಂದು ತೀರ್ಮಾನಿಸಿ, ಕಾಫಿ ಕುಡಿದು ಎದ್ದಿತ್ತು. ಹೇಳಿ ಬರುವವರು ಯಾರು ಎಂಬ ಮಾತು ಬಂದಾಗ ಎಲ್ಲರೂ ಲೋಟದೊಳಗೆ ನೋಡಿಕೊಂಡರು. ಆಗ ಸಭೆಯ ಹಿರಿಯ ಮುನಿಶಾಮಪ್ಪ, "ಯೋಗಣ್ಣ ಹೋಗ್ಲಿ. ಅವರ ಮಾತು ಮೃದು. ನಾನು ಹೇಳಿದ್ರೆ ಏಟು ಹೊಡೆದಂಗಿರತ್ತೆ" ಎಂದಿದ್ದರು. ಆ ಗಳಿಗೆಯಲ್ಲಿ ಯೋಗಾನಂದನಿಗೆ ಒಳಗೆಲ್ಲೋ ಸ್ವಲ್ಪ ಹಿತವಾಗಿತ್ತು. ಅದು ಈಗ, ಸಿಗ್ನಲ್ಲಿನ ಬಿಸಿಲಲ್ಲಿ, ನಾಲಿಗೆಯ ಮೇಲೆ ತಾಮ್ರದ ರುಚಿಯಂತೆ ಉಳಿದಿತ್ತು. ಮನೆಯಲ್ಲಿ ಹೆಂಡತಿ ರಾಧಾಮಣಿ, "ಬಿಳಿ ಅಂಗಿ ಬೇಡ ಕಣ್ರೀ. ಸಮಾಧಾನ ಹೇಳೋಕೆ ಬಂದಿದಾರೆ ಅಂದ್ಕೊಂಡ್ಬಿಡ್ತಾರೆ" ಅಂದು, ಬೂದು ಬಣ್ಣದ್ದನ್ನು ತೆಗೆದುಕೊಟ್ಟಿದ್ದಳು.

ಯಲಹಂಕದ ಹಳೇ ಪೇಟೆಯಲ್ಲಿ ಯೋಗಾನಂದನದು ಕನ್ನಡಕದ ಅಂಗಡಿ. ಎದುರು ಕೂತವರ ಮೂಗಿನ ದಿಣ್ಣೆ, ಕಿವಿಯ ಹಿಂದಿನ ಎಲುಬು, ಎರಡು ಪಾಪೆಗಳ ನಡುವಿನ ಅಂತರ ಇವನ್ನು ನೋಡಿ ನೋಡಿ ಅವನಿಗೆ ಮುಖಗಳನ್ನು ಪೂರ್ತಿಯಾಗಿ ನೋಡುವ ಅಭ್ಯಾಸ ತಪ್ಪಿಹೋಗಿತ್ತು. ಆದರೆ ಹೋದ ಭಾನುವಾರ ಒಂದು ಮುಖವನ್ನು ಅವನು ಪೂರ್ತಿಯಾಗಿ ನೋಡಿಬಿಟ್ಟಿದ್ದ. ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ. ಪಾಸ್ಟರು ರೊಟ್ಟಿ ಮುರಿಯುವ ಮೊದಲು ಮುನಿಶಾಮಪ್ಪ ಅವನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದು, "ಆ ಗದಗಿನವಳ ಮಗಳು ಬಂದಿದಾಳೆ. ಮದುವೆ ಇಲ್ಲದೆ ಒಬ್ಬನ ಜೊತೆ ಮನೆ ಮಾಡ್ಕೊಂಡಿದಾಳೆ, ಎಲ್ರಿಗೂ ಗೊತ್ತು. ಅವಳಿಗೆ ಕೊಡಬೇಡಿ" ಅಂದಿದ್ದರು. ಚಿಕ್ಕ ಚಿಕ್ಕ ಗ್ಲಾಸುಗಳಲ್ಲಿ ದ್ರಾಕ್ಷಾರಸವಿದ್ದ ತಟ್ಟೆಯನ್ನು ಹಿಡಿದು ಹೆಂಗಸರ ಸಾಲಿನಲ್ಲಿ ಅವನು ನಡೆದ. ಮೊಣಕಾಲೂರಿದ್ದವರಲ್ಲಿ ಭಾಗ್ಯಶ್ರೀಯೂ ಇದ್ದಳು, ತಲೆಯ ಮೇಲೆ ಹಸಿರು ದುಪಟ್ಟಾ. ತಟ್ಟೆ ಹತ್ತಿರ ಬರುತ್ತಲೇ ಎಲ್ಲರಂತೆ ಕೈ ಚಾಚಿದಳು. ಅವನು ತಟ್ಟೆಯನ್ನು ಎರಡು ಗೇಣು ಮೇಲೆತ್ತಿ ಮುಂದಿನವಳ ಹತ್ತಿರ ಇಳಿಸಿದ. ಚಾಚಿದ ಕೈ ಗಾಳಿಯಲ್ಲೇ ಒಂದಿಷ್ಟು ಹೊತ್ತು ನಿಂತು, ಆಮೇಲೆ ತಾನು ಎತ್ತಿದ್ದೇ ಅದಕ್ಕೆ ಅನ್ನುವಂತೆ, ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಿತು. ಆಗ ಅವಳು ತಲೆಯೆತ್ತಿ ನೋಡಿದ್ದಳು. ಕೋಪವಿದ್ದಿದ್ದರೆ ಅವನು ಮರೆತುಬಿಡುತ್ತಿದ್ದ. ಅವಳು ಅವನನ್ನು ನೋಡಿದ್ದು ತಟ್ಟೆ ಹೊತ್ತು ಕಷ್ಟಪಡುತ್ತಿರುವವನೊಬ್ಬನನ್ನು ನೋಡಿದ ಹಾಗೆ. ಅವನು ಅಲ್ಲಿಂದ ಮುಂದೆ ಹೋದದ್ದು, ಉಳಿದವರಿಗೆ ಕೊಟ್ಟದ್ದು, ಕೊನೆಯ ಕೀರ್ತನೆ ಹಾಡಿದ್ದು ಯಾವುದೂ ನೆನಪಿನಲ್ಲಿಲ್ಲ. ಹಿಂದಿನ ಆಟೋ ಹಾರ್ನ್ ಒತ್ತಿತು. ಸಿಗ್ನಲ್ ಯಾವಾಗಲೋ ಹಸಿರಾಗಿತ್ತು.

ಅಬ್ಬಿಗೆರೆಯಲ್ಲಿ ಕಾಶವ್ವನ ಬೀದಿಯಲ್ಲಿ ಅವನು ಮನೆ ಹುಡುಕುವುದೇ ಬೇಕಾಗಲಿಲ್ಲ. ಒಂದು ಬಾಡಿಗೆ ಕಟ್ಟಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು, ಯಾವುದರಲ್ಲೂ ಯಾರೂ ಕೂತಿರಲಿಲ್ಲ. ಅದನ್ನು ನೋಡಿದಾಗ ಅವನಿಗೆ ಮೊದಲು ಸಮಾಧಾನವಾಯಿತು, ಜನರಿಲ್ಲ, ಹೇಳಿ ಹೊರಟುಬಿಡಬಹುದು. ಮರುಕ್ಷಣ ಆ ಖಾಲಿ ಕುರ್ಚಿಗಳು ಯಾರಿಗಾಗಿ ಎಂಬುದು ಹೊಳೆಯಿತು. ಅವು ಸಭೆಯವರಿಗಾಗಿ ಹಾಕಿದ್ದ ಕುರ್ಚಿಗಳು. ಮೆಟ್ಟಿಲ ಮೇಲೆ ಒಬ್ಬ ಯುವಕ ತಲೆ ತಗ್ಗಿಸಿ ಕೂತಿದ್ದ, ಫ್ಯಾಕ್ಟರಿಯ ನೀಲಿ ಅಂಗಿಯಲ್ಲೇ. ಅವನೇ ಚನ್ನು ಇರಬೇಕು, ಭಾಗ್ಯಶ್ರೀಯ ಜೊತೆ ಇದ್ದವನು. ಯೋಗಾನಂದನನ್ನು ಕಂಡು ಧಡಕ್ಕನೆ ಎದ್ದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. "ನೀವು ಹೋಗ್ರಿ ಸರ. ನಾ ಒಳಗ ಬರಂಗಿಲ್ಲ. ನಾ ಅದೀನಂತ ನೀವು ಪ್ರಾರ್ಥನಾ ಬಿಡಬ್ಯಾಡ್ರಿ" ಎಂದ. ಯೋಗಾನಂದ ಬಾಯಿ ತೆರೆದ. ಸಿದ್ಧವಾಗಿದ್ದ ವಾಕ್ಯ ಬಂದರೂ ಅದು ಇವನಿಗೆ ಹೇಳಬೇಕಾದ್ದಲ್ಲ ಎಂದು ನುಂಗಿಕೊಂಡು ಮೇಲೆ ಹತ್ತಿದ.

ಒಳಗೆ ಒಂದೇ ಕೋಣೆ. ಕಾಶವ್ವ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೆಳಗಿನ ಮನೆಯ ಆಯೇಷಾ, ತಲೆಯ ಮೇಲೆ ಸೆರಗು ಹೊದ್ದು, ಒಂದು ಲೋಟ ನೀರನ್ನು ಹಿಡಿದು ಕೂತಿದ್ದಳು. ಅದನ್ನು ಕುಡಿಸಲು ಬೆಳಗಿನಿಂದ ಪ್ರಯತ್ನಿಸುತ್ತಿದ್ದಂತೆ ಕಾಣುತ್ತಿತ್ತು. ಯೋಗಾನಂದ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕಾಶವ್ವ ಎದ್ದುಬಿಟ್ಟಳು. ಅವನು ಅಂದುಕೊಂಡದ್ದು ಬೈಗುಳ. ಅದಕ್ಕೆ ತಲೆ ಬಾಗಿಸಿಯೂ ಇದ್ದ. ಅವಳು ಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡು, ತನ್ನ ಹಣೆಗೆ ಒತ್ತಿಕೊಂಡು, ಬಾಗಿಲ ಕಡೆಗೆ ತಿರುಗಿ ಚನ್ನು ಒಬ್ಬನೇ ಇದ್ದ ಮೆಟ್ಟಿಲುಗಳಿಗೆ ಕೇಳುವಂತೆ ಕೂಗಿದಳು: "ಬಂದ್ರು ನೋಡ್ರಿ! ನಮ್ಮ ಸಭೆದವರು ಬಂದ್ರು! ನಾ ಹೇಳಿರಲಿಲ್ಲೇನ ಆಯೇಷಾ, ಬಂದ ಬರ್ತಾರಂತ!"

"ಹೂಂ ಅಮ್ಮ, ಬಂದ್ರಲ್ಲ. ಈಗಾದ್ರೂ ಒಂದ್ ಗುಟುಕು ಕುಡೀರಿ" ಎಂದಳು ಆಯೇಷಾ. ಕಾಶವ್ವ ಕುಡಿದಳು. ಲೋಟ ಪೂರ್ತಿ ಕುಡಿದಳು. ತಾನು ಬಂದದ್ದರಿಂದ ಆ ನೀರು ಅವಳ ಗಂಟಲಲ್ಲಿ ಇಳಿಯಿತು ಎಂಬುದನ್ನು ಅವನು ನಿಂತು ನೋಡಿದ. ಕೂತ. ಜೇಬಿನಲ್ಲಿ ಫೋನು ನಡುಗಿತು. ಮುನಿಶಾಮಪ್ಪನದೇ, ನೋಡದೆಯೂ ಗೊತ್ತಿತ್ತು. 'ಅಮ್ಮ' ಎಂದು ಶುರುಮಾಡಿದ. 'ಸಭೆಯ' ಎಂಬವರೆಗೆ ಬಂದ. ಅಷ್ಟರಲ್ಲಿ ಕಾಶವ್ವ ತಾನೇ ಮಾತಾಡತೊಡಗಿದ್ದಳು. ಪಿ.ಜಿ.ಯೊಂದರಲ್ಲಿ ಅಡುಗೆ ಮಾಡುವವಳು. ಗಂಡ ಫಕೀರಪ್ಪ ಹೋದ ಮೇಲೆ ಗದಗಿನ ಕಡೆಯಿಂದ ಮಗಳನ್ನು ಕಟ್ಟಿಕೊಂಡು ಬಂದವಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಯಾಕೆ ಹೀಗೆ ಮಾಡಿಕೊಂಡಳೋ ಗೊತ್ತಿಲ್ಲ ಎಂದಳು. ಎರಡು ವರ್ಷದಿಂದ ನಿದ್ದೆಯಿರಲಿಲ್ಲ, ಡಾಕ್ಟರ ಗುಳಿಗೆ ನುಂಗುತ್ತಿದ್ದಳು, ನಡುವೆ ಚೆನ್ನಾಗಾಗಿದ್ದಳು, ಈ ಹುಡುಗನೂ ಚೆನ್ನಾಗಿಯೇ ನೋಡಿಕೊಂಡಿದ್ದ, ಚರ್ಚಿನಲ್ಲೇ ಮದುವೆ ಮಾಡಿಕೊಳ್ಳುತ್ತೇವೆ ಎಂದು ಪಾಸ್ಟರ ಹತ್ತಿರ ಇಬ್ಬರೂ ಹೋಗಿದ್ದರು, ಹುಡುಗ ಮೊದಲು ದೀಕ್ಷಾಸ್ನಾನ ಮಾಡಿಸಿಕೊಳ್ಳಲಿ ಅಂದಿದ್ದರು, ಅಷ್ಟರಲ್ಲಿ ಹೀಗಾಯಿತು. ಯೋಗಾನಂದ ಕೇಳುತ್ತಿದ್ದ. ಗುಳಿಗೆ ಎಂಬ ಮಾತು ಬಂದಾಗ ಅವನ ಎದೆಯಿಂದ ಏನೋ ಒಂದು ಭಾರ ಇಳಿಯಿತು: ಹಾಗಿದ್ದರೆ ತಟ್ಟೆಯಿಂದಲ್ಲ. ಆ ಇಳಿದ ಹಗುರವನ್ನು ಅವನು ಗಮನಿಸಿದ, ಗಮನಿಸಿ ಅಸಹ್ಯಪಟ್ಟ. ಸತ್ತವಳ ಮನೆಯಲ್ಲಿ ಕೂತು ತನ್ನ ಬಿಡುಗಡೆಗೆ ಕಾರಣ ಹುಡುಕುತ್ತಿದ್ದಾನಲ್ಲ. ಆಗ ಕಾಶವ್ವ ಹೇಳಿದಳು, ಏನೂ ವಿಶೇಷವಲ್ಲದ್ದನ್ನು ಹೇಳುವ ಹಾಗೆ:

"ಹ್ವಾದ ಐತವಾರ ಚರ್ಚಿಂದ ಇಲ್ಲೇ ನನ್ನ ಮನಿಗೆ ಬಂದು ನಿಮ್ಮ ಸುದ್ದಿನ ಹೇಳಿದ್ಲ್ರಿ. 'ಯವ್ವಾ, ಕನ್ನಡಕದ ಅಂಕಲ್ಲಾರ ಕೈ ನಡಗಾಕತ್ತಿತ್ತು. ನನಗ ಕೊಡಬ್ಯಾಡಂತ ಯಾರೋ ಹೇಳಿ ಕಳಿಸ್ಯಾರ, ಪಾಪ, ಅವರಿಗೆ ಮನಸಿರಲಿಲ್ಲ. ಅವರ ಸಲುವಾಗಿ ಪ್ರಾರ್ಥನಾ ಮಾಡಬೇಕು ನೋಡು' ಅಂದ್ಲು. ಅವತ್ತ ರಾತ್ರಿ ಇಬ್ಬರೂ ಕೂಡಿ ನಿಮ್ಮ ಹೆಸರ್ಲೆ ಪ್ರಾರ್ಥನಾ ಮಾಡಿದ್ವಿ."

ಯೋಗಾನಂದನಿಗೆ ಕೋಣೆಯ ಸದ್ದೆಲ್ಲ ನಿಂತಂತಾಯಿತು. ಫ್ಯಾನು ತಿರುಗುತ್ತಿತ್ತು, ಕೆಳಗೆ ಯಾರೋ ಗಾಡಿ ಒದೆಯುತ್ತಿದ್ದರು, ಆಯೇಷಾ ಲೋಟವನ್ನು ನೆಲದ ಮೇಲಿಟ್ಟಳು, ಯಾವುದೂ ಕಿವಿಗೆ ಬೀಳಲಿಲ್ಲ. ಹೊಡೆತ ತಿನ್ನಲು ತಯಾರಾಗಿ ಬಂದವನಿಗೆ ಇದಕ್ಕೆ ತಯಾರಿ ಇರಲಿಲ್ಲ. ತಾನು ತಟ್ಟೆಯನ್ನು ಮೇಲೆತ್ತಿದ ಆ ಕ್ಷಣದಿಂದ ತಾನು ಯಾರು ಎಂಬುದು ಆ ಹುಡುಗಿಗೆ ಗೊತ್ತಿತ್ತು: ದುಷ್ಟನಲ್ಲ, ಅಂಜುಬುರುಕ. ಅದು ಗೊತ್ತಿದ್ದೂ ಅವನ ಹೆಸರನ್ನು ಅವಳು ದೇವರ ಮುಂದೆ ತೆಗೆದಿದ್ದಳು. ಅವನೋ ಅದೇ ರಾತ್ರಿ ಊಟ ಮಾಡಿ, ಕ್ರಿಕೆಟ್ ನೋಡಿ, ಮಲಗುವ ಮುಂಚೆ ರೂಢಿಯ ಪ್ರಾರ್ಥನೆಯನ್ನು ರೂಢಿಯಂತೆ ಹೇಳಿ ಮಲಗಿದ್ದ. ಅದರಲ್ಲಿ ಅವಳ ಹೆಸರಿರಲಿಲ್ಲ. ಚಿಕ್ಕಂದಿನಿಂದ ಚರ್ಚಿನ ಬೆಂಚಿನ ಮೇಲೆ ಕೂತು ಕೇಳಿದ್ದು, ತಾನೇ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟಿದ್ದು, ಪ್ರೀತಿ ಎಂಬ ಆ ಮಾತು, ಹೇಳಿ ಹೇಳಿ ನಾಣ್ಯದಂತೆ ಸವೆದದ್ದು, ಅಬ್ಬಿಗೆರೆಯ ಬಾಡಿಗೆ ಕೋಣೆಯೊಂದರಲ್ಲಿ ತನ್ನ ಮೇಲೆಯೇ ನಡೆದುಹೋಗಿತ್ತು. ಅವನಿಗೆ ಭಯವಾಯಿತು.

"ದೇವರು ಆಕಿನ್ನ ಒಳಗ ಕರಕೊಂಡಾನಿಲ್ರಿ?" ಎಂದು ಕಾಶವ್ವ ಕೇಳಿದಳು. ಅವನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಇದಕ್ಕೆ ಸಭೆಯ ಉತ್ತರವೊಂದಿತ್ತು: ಇಲ್ಲ. ಅದನ್ನು ಮುನಿಶಾಮಪ್ಪ ಬೆಳಿಗ್ಗೆಯಷ್ಟೇ ಕಾಫಿಯ ಜೊತೆ ಹೇಳಿದ್ದರು, ಇವನೂ ತಲೆಯಾಡಿಸಿದ್ದ.

"ಕರ್ಕೊಂಡಿದಾನೆ ಅಮ್ಮ" ಎಂದ ಯೋಗಾನಂದ. ತನ್ನ ಧ್ವನಿ ಕೇಳಿ ತಾನೇ ಬೆಚ್ಚಿದ.

"ಹಂಗಾರ ಎಷ್ಟೊತ್ತಿಗೆ ಚರ್ಚಿಗೆ ಒಯ್ಯೂಣ್ರಿ? ದವಾಖಾನ್ಯಾಗ ಮಧ್ಯಾಹ್ನ ಕೊಡ್ತಾರಂತ."

"ಅಲ್ಲಿಂದ ಸೀದಾ ಕರ್ಕೊಂಡ್ ಬನ್ನಿ. ನಾನು ಗೇಟಲ್ಲಿರ್ತೀನಿ."

ಕೆಳಗಿಳಿದ ಮೇಲೆ ಸ್ಕೂಟರಿನ ಕೀಲಿ ತೂತಿಗೆ ಹೋಗಲೇ ಇಲ್ಲ. ಚನ್ನು ಬಂದು ಅವನ ಕೈಯಿಂದ ಕೀಲಿ ತೆಗೆದುಕೊಂಡು ಹಾಕಿಕೊಟ್ಟ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. "ನೀವೂ ಬರಬೇಕು. ಹೊರೋರು ಬೇಕಲ್ಲ" ಎಂದ ಯೋಗಾನಂದ. ಚನ್ನು ಏನೋ ಹೇಳಲು ಹೋಗಿ, ಮುಖವನ್ನು ತೋಳಿಗೆ ಒತ್ತಿಕೊಂಡು, ಕುರ್ಚಿಗಳ ನಡುವೆ ಕುಸಿದು ಕೂತುಬಿಟ್ಟ. ಅವನ ಗಂಟಲಿನಿಂದ ಬಂದದ್ದು ಅಳುವಿನಂತಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

ದಾರಿಯುದ್ದಕ್ಕೂ ಅವನು ಜಗಳವನ್ನು ಕಟ್ಟಿದ. ಬೆಳಿಗ್ಗೆ ಮೃದು ವಾಕ್ಯ ಕಟ್ಟಿದ್ದ ದಾರಿಯಲ್ಲೇ ಈಗ ಕೊರಳ ಸೆರೆಯುಬ್ಬುವಂಥ ವಾಕ್ಯಗಳು. ಕಲ್ಲು ಮನುಷ್ಯ, ಅಂದುಕೊಂಡ. ಪ್ರತಿ ಭಾನುವಾರ ಮೊದಲ ಬೆಂಚಿನಲ್ಲಿ ಕೂರುವ ಕಲ್ಲು. ಮುನಿಶಾಮಪ್ಪನ ದಪ್ಪ ಹುಬ್ಬು, ಒತ್ತಿ ಹಿಡಿದ ತುಟಿ, ಹಾಡುವಾಗಲೂ ಹಲ್ಲು ಕಾಣಿಸದ ಆ ಬಾಯಿ ಎಲ್ಲವನ್ನೂ ಕಣ್ಣೆದುರು ತಂದುಕೊಂಡು ದ್ವೇಷಿಸಿದ. ದ್ವೇಷ ಎಷ್ಟು ಸರಾಗವಾಗಿ ಬರುತ್ತಿತ್ತೆಂದರೆ ಅದರಲ್ಲಿ ತನ್ನ ಕೈಯೂ ಆ ತಟ್ಟೆಯೂ ಮುಳುಗಿ ಕಾಣದಾದವು. ಮಧ್ಯಾಹ್ನದವರೆಗೆ ಅಂಗಡಿಯಲ್ಲಿ ಕೂತಿದ್ದು, ವ್ಯಾನು ಬರುವ ಹೊತ್ತಿಗೆ ಹೋದಾಗ ಚರ್ಚಿನ ಗೇಟಿಗೆ ಬೀಗ ಹಾಕಿತ್ತು. ಒಳಗೆ ಹೊಂಗೆಮರದ ನೆರಳಲ್ಲಿ ಮುನಿಶಾಮಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದರು, ವರಾಂಡದಲ್ಲಿ ಪಾಸ್ಟರ್ ಮುನಿರತ್ನ ಫೋನು ಹಿಡಿದು ಅತ್ತಿತ್ತ ಅಡ್ಡಾಡುತ್ತಿದ್ದರು. ಇವನು ಸರಳುಗಳ ಆಚೆ ನಿಂತೇ ಹೇಳಿದ: "ಬರಬೇಡಿ ಅಂತ ಹೇಳ್ಲಿಲ್ಲ ನಾನು. ಕರ್ಕೊಂಡ್ ಬನ್ನಿ ಅಂತ ಹೇಳ್ದೆ."

ಪಾಸ್ಟರು ಮೆಟ್ಟಿಲ ಮೇಲೆ ನಿಂತುಬಿಟ್ಟರು. "ಬ್ರದರ್, ಕಮಿಟಿ ತೀರ್ಮಾನ ಅಲ್ವಾ? ನಾನು ಏನ್ ಮಾಡ್ಲಿ ಹೇಳಿ, ಮೇಲ್ಗಡೆ ಉತ್ತರ ಕೊಡಬೇಕಾಗೋದು ನಾನು." ಮುನಿಶಾಮಪ್ಪ ಮಾತ್ರ ಕೂತಲ್ಲಿಂದ ಏಳಲಿಲ್ಲ. "ಯಾರನ್ನ ಕೇಳಿ ಹೇಳಿದ್ರಿ?" ಎಂದರು. ಯಾರನ್ನೂ ಕೇಳಿಲ್ಲ ಎಂದ ಯೋಗಾನಂದ. ಆ ಹುಡುಗಿ ನನಗೋಸ್ಕರ ಪ್ರಾರ್ಥನೆ ಮಾಡಿದಳಂತೆ ಎಂದ. ಆಮೇಲೆ ದಾರಿಯಲ್ಲಿ ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿದ: ನಿಮ್ಮ ಎದೆಯಲ್ಲಿ ಏನಿದೆ, ಕರುಣೆ ಅನ್ನೋದು ನಿಮಗೆ ಬಾಯಿಪಾಠ, ನಿಮ್ಮಂಥವರಿಂದಲೇ ಜನ ಈ ಬಾಗಿಲಿಗೆ ಬರೋಕೆ ಹೆದರೋದು. ಧ್ವನಿ ಏರಿ, ಎದುರಿನ ಬೇಕರಿಯವರು ಈಚೆ ಬಂದು ನೋಡುವಂತಾಯಿತು. ಅಷ್ಟರಲ್ಲಿ ಬಿಳಿ ವ್ಯಾನೊಂದು ನಿಧಾನವಾಗಿ ಬಂದು ಗೇಟಿನ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಕಾಶವ್ವ, ಮಡಿಲಲ್ಲಿ ಎರಡೂ ಕೈ ಜೋಡಿಸಿಕೊಂಡು, ಬೀಗವನ್ನು ನೋಡಿಯೂ ಅರ್ಥವಾಗದವಳಂತೆ, ತೆಗೆಯುತ್ತಾರೆಂದು ಕಾಯುತ್ತಿದ್ದಳು.

ಮುನಿಶಾಮಪ್ಪ ಈಗ ಎದ್ದು ಗೇಟಿನ ಹತ್ತಿರ ಬಂದರು. ಸರಳುಗಳನ್ನು ಹಿಡಿದುಕೊಂಡು ವ್ಯಾನನ್ನು ನೋಡಿದರು. ಮುಖ ಹಾಗೆಯೇ ಇತ್ತು. ಮಾತು ಮಾತ್ರ, ಎಷ್ಟೋ ವರ್ಷದಿಂದ ಯಲಹಂಕದ ಪೇಟೆಯಲ್ಲಿ ತಿದ್ದಿಟ್ಟುಕೊಂಡಿದ್ದ ಮಾತು, ಜಾರಿ ಹುಟ್ಟೂರಾದ ಬಾಗಲೂರಿನದಾಯಿತು.

"ನನ್ ತಮ್ಮನ್ಗೂ ಇಂಗೇ ಮಾಡುದ್ರು ಯೋಗಣ್ಣ. ಇದೇ ಗೇಟು. ಅವ್ನೂ ಇಂಗೇ ಜೀವ ಕಳ್ಕೊಂಡ. ನಮ್ಮವ್ವ ಎತ್ತಿನ ಗಾಡೀಲಿ ಎಣ ಇಟ್ಕೊಂಡು ಈ ರಸ್ತೇಲಿ ಕೂತಿದ್ಲು, ಸಂಜೆಗಂಟ. ತೆಗೀಲಿಲ್ಲ. ಕೆರೆ ಅಂಗಳದಾಗೆ ಮಣ್ ಮಾಡುದ್ವಿ, ಆ ಜಾಗದ ಮ್ಯಾಗೆ ಈಗ ಲೇಔಟ್ ಆಗದೆ. ಎಲ್ಲಿ ಅಂತ್ಲೂ ಗೊತ್ತಾಗಾಕಿಲ್ಲ." ವ್ಯಾನಿನಿಂದ ಕಣ್ಣು ತೆಗೆದು ಇವನನ್ನು ನೋಡಿ, "ಆಗ ಸಭೆ ಇರೀಕ ಯಾರು ಗೊತ್ತಾ? ನಿಮ್ಮಪ್ಪ. ಸೊಣ್ಣಪ್ಪನೋರು. ಅವ್ರೇ ಬಂದು ಯೋಳುದ್ರು. ಎಷ್ಟ್ ಮೃದುವಾಗ್ ಯೋಳುದ್ರು ಅಂದ್ರೆ, ನಮ್ಮವ್ವ ಅವ್ರ ಕಾಲಿಗ್ ಬಿದ್ದು, ಆಯ್ತು ಸ್ವಾಮಿ ಅಂದ್ಲು."

ಅಪ್ಪನ ಬಗ್ಗೆ ಯೋಗಾನಂದನಿಗಿದ್ದ ನೆನಪುಗಳಲ್ಲಿ ಹೀಗೊಂದು ದಿನವಿರಲಿಲ್ಲ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಇವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡು ಹೇಳಿಕೊಟ್ಟ ಸಂಜೆಗಳಲ್ಲಿ ಒಂದು ಅದಾಗಿದ್ದಿರಬೇಕು. ಆ ಮಡಿಲು, ಆ ತಗ್ಗಿದ ಧ್ವನಿ. ಇವನು ಯಾರನ್ನು ಕಲ್ಲು ಅಂದನೋ ಅವರು ಅಷ್ಟು ವರ್ಷ ಅದೇ ಧ್ವನಿಯ ಮಗನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಪುಸ್ತಕ ಹಂಚಿಕೊಂಡು ಹಾಡಿದ್ದರು, ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ನನ್ನ ತಮ್ಮನಿಗೆ ಇಲ್ಲದ್ದು ಇವಳಿಗೆ ಯಾಕೆ ಎಂದು ಮುನಿಶಾಮಪ್ಪ ಕೇಳಲಿಲ್ಲ, ಆದರೆ ಅದು ಅವರಿಬ್ಬರ ನಡುವೆ ಸರಳುಗಳಂತೆ ನಿಂತಿತ್ತು. ಕ್ಷಮಿಸಿ ಅನ್ನುವುದೇ? ಯಾರ ಪರವಾಗಿ? ಬಾಯಿಗೆ ಬಂದ ಮಾತುಗಳೆಲ್ಲ ಮೃದುವಾಗಿದ್ದವು, ಮತ್ತು ಅದಕ್ಕೇ ಅವನಿಗೆ ಅವುಗಳ ಬಗ್ಗೆ ಹೇಸಿಗೆಯಾಯಿತು.

"ಅವರ ಹೆಸರೇನು?" ಎಂದು ಕೊನೆಗೆ ಕೇಳಿದ.

ಮುನಿಶಾಮಪ್ಪ ಮತ್ತೆ ವ್ಯಾನಿನ ಕಡೆ ನೋಡಿದರು. ತಮ್ಮನ ಹೆಸರನ್ನು ಹುಡುಕಬೇಕಾಯಿತೇನೋ ಅನ್ನಿಸಿತು. ಆಮೇಲೆ, ಹುಡುಕುತ್ತಿಲ್ಲ, ಅದನ್ನು ಹೊರತರಲು ಬಾಯಿ ಒಪ್ಪುತ್ತಿಲ್ಲ ಎಂದು ಗೊತ್ತಾಯಿತು. "ಬ್ಯಾಟರಾಯಪ್ಪ" ಎಂದರು. ಹೇಳಿದ ಮೇಲೆ ತುಟಿಗಳು ಮತ್ತೆ ಮುಚ್ಚಿಕೊಳ್ಳಲೇ ಇಲ್ಲ. ಜೇಬಿಗೆ ಕೈಹಾಕಿ ಕೀಲಿ ತೆಗೆದು, ಅದನ್ನು ಸರಳುಗಳ ಸಂದಿಯಿಂದ ಯೋಗಾನಂದನಿಗೆ ಚಾಚಿದರು. "ತೆಗೀರಿ. ಎಣ್ಮಗ ಬಿಸಿಲಾಗೆ ಅವ್ಳೆ."

ಚನ್ನು, ವ್ಯಾನಿನ ಚಾಲಕ, ಯೋಗಾನಂದ, ಮತ್ತು ಕರೆಯದೆಯೇ ರಸ್ತೆ ದಾಟಿ ಬಂದ ಬೇಕರಿಯ ಹನುಮಯ್ಯ ಪೆಟ್ಟಿಗೆಯನ್ನು ಒಳಗೆ ತಂದರು. ಪಾಸ್ಟರು ಒಂದು ನಿಮಿಷ ಕೈ ಹಿಸುಕಿಕೊಳ್ಳುತ್ತ ನಿಂತು, ಆಮೇಲೆ ಹೋಗಿ ನಿಲುವಂಗಿ ಹಾಕಿಕೊಂಡು ಬಂದರು. ಗುಂಡಿ ತಪ್ಪು ತಪ್ಪಾಗಿ ಬಿದ್ದಿತ್ತು. ಬೆಂಚುಗಳಲ್ಲಿ ಹೆಚ್ಚು ಜನರಿರಲಿಲ್ಲ. ಸುದ್ದಿ ಹೇಗೋ ತಿಳಿದು ರಾಧಾಮಣಿ ಬಂದಿದ್ದಳು, ಕಾಶವ್ವನ ಪಕ್ಕದಲ್ಲಿ ಕೂರಲೋ ಬೇಡವೋ ಎಂದು ಹಿಂದಿನ ಸಾಲಿನಲ್ಲಿ ನಿಂತಿದ್ದು, ನಡುವೆ ಯಾವಾಗಲೋ ಮುಂದೆ ಹೋಗಿ ಕೂತಿದ್ದಳು. ಕಮಿಟಿಯ ಉಳಿದವರು ಬರಲಿಲ್ಲ. ಬರುವ ಭಾನುವಾರ ಅವರು ಏನು ಹೇಳುತ್ತಾರೆ, ತನ್ನನ್ನೂ ಮುನಿಶಾಮಪ್ಪನನ್ನೂ ಪಾಸ್ಟರನ್ನೂ ಏನು ಮಾಡುತ್ತಾರೆ ಎಂಬುದು ಯೋಗಾನಂದನ ತಲೆಯಲ್ಲಿ ಹಾದುಹೋಯಿತು, ನಿಲ್ಲಲಿಲ್ಲ.

ಬಾಗಲೂರು ರಸ್ತೆಯ ಸಮಾಧಿ ತೋಟದಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಕಾಶವ್ವ ಮೊದಲ ಹಿಡಿ ಮಣ್ಣು ಹಾಕಿದಳು, ಆಮೇಲೆ ಚನ್ನುವನ್ನು ಮುಂದಕ್ಕೆ ಕರೆದಳು, ಆಮೇಲೆ ಉಳಿದವರು. ಮುನಿಶಾಮಪ್ಪ ದೂರದಲ್ಲಿ ಕಾಂಪೌಂಡಿನ ಗೋಡೆಯ ಹತ್ತಿರ ನಿಂತಿದ್ದರು. ಅವರು ಯಾಕೆ ಅಷ್ಟು ದೂರ ನಿಂತಿದ್ದಾರೆ ಎಂಬುದು ಕಾಶವ್ವನಿಗೆ ಗೊತ್ತಿರಲಿಲ್ಲ. ತನ್ನ ಮಗಳಿಗಾಗಿ ಬಂದ ಸಭೆಯ ಹಿರಿಯರು ಎಂದಷ್ಟೇ ಅವಳಿಗೆ ಕಂಡಿತು. "ಯಪ್ಪಾ, ನೀವೂ ಹಾಕ ಬರ್ರಿ" ಎಂದು ಕರೆದು, ಗುಂಡಿಯ ಅಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅವರು ಬಂದರು. ಬಗ್ಗಿ ಒಂದು ಹಿಡಿ ಮಣ್ಣು ಹಾಕಿದರು. ನೆಟ್ಟಗಾಗದೆ ಹಾಗೆಯೇ ಬಗ್ಗಿಕೊಂಡು ಇನ್ನೊಂದು ಹಿಡಿ ತೆಗೆದುಕೊಂಡರು, ಅದನ್ನು ಹಿಡಿದುಕೊಂಡೇ ಮಂಡಿಯೂರಿ ಕೂತು, ಆಮೇಲೆ ಎರಡೂ ಕೈಯಲ್ಲಿ ಬಾಚಿ ಬಾಚಿ ಹಾಕತೊಡಗಿದರು. ಸನಿಕೆ ಹಿಡಿದು ಕಾಯುತ್ತಿದ್ದ ಆಳುಗಳು ಮುಂದೆ ಬರಲು ನೋಡಿದಾಗ ಪಾಸ್ಟರು ಕೈ ಅಡ್ಡ ಹಿಡಿದು ತಡೆದರು. ಕಾಶವ್ವ ಆ ಮುದುಕನ ಬೆನ್ನಿನ ಮೇಲೆ ಕೈಯಿಟ್ಟಳು, ಯಾಕೆಂದು ಕೇಳಲಿಲ್ಲ. ಯೋಗಾನಂದ ಅವರ ಪಕ್ಕದಲ್ಲಿ ಮಂಡಿಯೂರಿ ಮಣ್ಣಿಗೆ ಕೈ ಹಾಕಿದ.